ಚದುರಂಗದಲ್ಲಿ 64ರ ಬದಲು 67 ಮನೆ ಇದ್ದಿದ್ದರೆ? 2⁶⁷ − 1ರ ಅಪವರ್ತನಗಳ ಬಗ್ಗೆ ಒಂದು ಪ್ರಶ್ನೆ

ಶಿವಮೊಗ್ಗದ ಅಪ್ಪ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಎಂಟನೇ ಕ್ಲಾಸು. ಕಳೆದ ವಾರ ಅವಳಿಗೆ ಚದುರಂಗದ ಅಕ್ಕಿ ಕಾಳಿನ ಕಥೆ ಹೇಳಿದೆ. ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ದುಪ್ಪಟ್ಟು ಮಾಡುತ್ತಾ 64 ಮನೆ ತುಂಬಿಸುವ ಕಥೆ. ಒಟ್ಟು ಕಾಳು 2⁶⁴ − 1, ಅಂದರೆ 18446744073709551615.

ಅವಳು ಕೊನೆಯ 5 ನೋಡಿ, "ಅಪ್ಪಾ, ಇದು ಐದರ ಮಗ್ಗಿಯಲ್ಲಿ ಬರುತ್ತೆ" ಅಂದಳು. ಅಲ್ಲಿಂದ ಶುರುವಾಯಿತು. ಇಬ್ಬರೂ ಕೂತು ಒಡೆದೆವು. ಇದು ಸುಲಭ. 2⁶⁴ − 1 ಅಂದರೆ (2³² − 1) × (2³² + 1). ಮೊದಲನೆಯದನ್ನು ಮತ್ತೆ ಹಾಗೇ ಒಡೆಯಬಹುದು. ಕೊನೆಗೆ ಬಂದದ್ದು 3 × 5 × 17 × 257 × 65537 × 4294967297. ಕೊನೆಯ ಸಂಖ್ಯೆ ಅವಿಭಾಜ್ಯ ಅಂದುಕೊಂಡಿದ್ದೆವು. ಆಮೇಲೆ ಪುಸ್ತಕದಲ್ಲಿ ನೋಡಿದರೆ ಅದು 641 × 6700417. ಆಯ್ಲರ್ 1732ರಲ್ಲೇ ಕಂಡುಹಿಡಿದಿದ್ದರಂತೆ.

ಆಮೇಲೆ ಮಗಳ ಪ್ರಶ್ನೆ: "ಮನೆ ಜಾಸ್ತಿ ಇದ್ದರೆ?" 65 ಮನೆಗೆ 31 ಮತ್ತು 8191 ಸಿಕ್ಕವು. 66ಕ್ಕೆ 3, 7 ಎಲ್ಲಾ ತಕ್ಷಣ ಸಿಕ್ಕವು. 67ಕ್ಕೆ ಬಂದಾಗ ನಿಂತೆವು. ಸಂಖ್ಯೆ ಇದು:

147573952589676412927

ನಮ್ಮ ರೀತಿಯಲ್ಲಿ ಓದಿದರೆ 14,75,739 ಕೋಟಿ ಕೋಟಿ, 52,58,967 ಕೋಟಿ, 64,12,927. ಒಂದು ಲಕ್ಷದವರೆಗಿನ ಎಲ್ಲಾ ಅವಿಭಾಜ್ಯಗಳಿಂದ ಕಂಪ್ಯೂಟರಿನಲ್ಲಿ ಭಾಗಿಸಿ ನೋಡಿದೆ. ಒಂದೂ ಹೋಗಲಿಲ್ಲ. ಇದು ಅವಿಭಾಜ್ಯವಾ? ಅಲ್ಲ ಅಂದರೆ ಒಡೆಯೋದು ಹೇಗೆ? ಉತ್ತರಕ್ಕಿಂತ ದಾರಿ ಬೇಕು. ಮಗಳಿಗೆ ಹೇಳಿಕೊಡಬೇಕು.

ಲೆಕ್ಕದ ಮೇಷ್ಟ್ರು

ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಮಗಳು ಮುಟ್ಟಿರುವುದು ಗಣಿತದ ಒಂದು ಹೆಸರಾಂತ ಸಂಖ್ಯೆಯನ್ನು. ಇದು ಅವಿಭಾಜ್ಯ ಅಲ್ಲ. ಆದರೆ ಅಪವರ್ತನಗಳು ತುಂಬಾ ದೂರದಲ್ಲಿವೆ. ಲಕ್ಷದವರೆಗೆ ಹೋದರೆ ಸಾಲದು.

ಮೊದಲು 65, 66 ಯಾಕೆ ಸುಲಭ ಅಂತ ಹೇಳಿಕೊಡಿ. 65 ಅಂದರೆ 5 × 13. ಆದ್ದರಿಂದ 2⁶⁵ − 1 ಅನ್ನು 2⁵ − 1 (31) ಮತ್ತು 2¹³ − 1 (8191) ಎರಡೂ ಭಾಗಿಸುತ್ತವೆ. ಮೇಲಿನ ಘಾತ ಒಡೆದರೆ ಸಂಖ್ಯೆಯೂ ಒಡೆಯುತ್ತೆ. 67 ಅವಿಭಾಜ್ಯ, ಹಾಗಾಗಿ ಈ ಬಾಗಿಲು ಮುಚ್ಚಿದೆ.

ಆದರೆ ಇನ್ನೊಂದು ಬಾಗಿಲಿದೆ. ಮಗಳ ಕೈಲಿ ಇದನ್ನು ಮಾಡಿಸಿ. 1ರಿಂದ ಶುರುಮಾಡಿ ದುಪ್ಪಟ್ಟು ಮಾಡುತ್ತಾ ಹೋಗಲಿ. 23 ದಾಟಿದಾಗಲೆಲ್ಲ 23 ಕಳೆಯಲಿ. ಹೀಗೆ ಬರುತ್ತೆ:

1, 2, 4, 8, 16, 9, 18, 13, 3, 6, 12, 1

ಹನ್ನೊಂದು ಹೆಜ್ಜೆಗೆ ಮತ್ತೆ 1ಕ್ಕೆ ಬಂತು. ಅಂದರೆ 2¹¹ ಅನ್ನು 23ರಿಂದ ಭಾಗಿಸಿದರೆ ಶೇಷ 1. ಅಂದರೆ 2¹¹ − 1 ಅನ್ನು 23 ಭಾಗಿಸುತ್ತೆ. ನಿಜ, 2047 = 23 × 89.

ಈಗ ಮುಖ್ಯ ವಿಷಯ. ಯಾವುದೇ ಬೆಸ ಅವಿಭಾಜ್ಯ ತಗೊಂಡರೂ ಈ ಸುತ್ತಿನ ಉದ್ದ, ಆ ಅವಿಭಾಜ್ಯಕ್ಕಿಂತ ಒಂದು ಕಡಿಮೆ ಇರುವ ಸಂಖ್ಯೆಯನ್ನು ಭಾಗಿಸಲೇಬೇಕು. ಇದು ಫರ್ಮಾ ಹೇಳಿದ್ದು. ಇಲ್ಲಿ ಸುತ್ತು 11, ಮತ್ತು 23 − 1 = 22. 89 − 1 = 88, ಅದೂ 11ರ ಮಗ್ಗಿಯಲ್ಲಿದೆ.

ಹಾಗಾದರೆ 2⁶⁷ − 1 ಅನ್ನು ಭಾಗಿಸುವ ಅವಿಭಾಜ್ಯಕ್ಕೆ ಸುತ್ತಿನ ಉದ್ದ ಎಷ್ಟು? 67 ಆಗಿರಬೇಕು, ಬೇರೆ ದಾರಿಯಿಲ್ಲ, ಏಕೆಂದರೆ 67 ಒಡೆಯೋದಿಲ್ಲ. ಆ ಅವಿಭಾಜ್ಯದಿಂದ 1 ಕಳೆದರೆ 67ರಿಂದ ಭಾಗ ಹೋಗಬೇಕು. ಬೆಸ ಸಂಖ್ಯೆಯಿಂದ 1 ಕಳೆದರೆ ಸಮ, ಹಾಗಾಗಿ 134ರಿಂದಲೇ ಹೋಗಬೇಕು. ಅಂದರೆ ಹುಡುಕಬೇಕಾದ್ದು 134 × ಕ + 1 ಅನ್ನುವ ರೂಪದವನ್ನು ಮಾತ್ರ. ಉಳಿದ ಯಾವುದನ್ನೂ ಮುಟ್ಟಬೇಡಿ.

ಇನ್ನೊಂದು ಜರಡಿಯೂ ಇದೆ. ಆ ಅಪವರ್ತನವನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಮಾತ್ರ ಬರಬೇಕು. ಅದರ ಸಾಧನೆ ಎಂಟನೇ ಕ್ಲಾಸಿಗೆ ಸ್ವಲ್ಪ ಭಾರ, ಸದ್ಯಕ್ಕೆ ನಂಬಿಕೊಂಡು ನಡೆಯಿರಿ. ಇದರಿಂದ "ಕ" ಅನ್ನು 4ರಿಂದ ಭಾಗಿಸಿದರೆ ಶೇಷ 0 ಅಥವಾ 1 ಇರುವುದಷ್ಟೇ ಉಳಿಯುತ್ತೆ.

ಶಿವಮೊಗ್ಗದ ಅಪ್ಪ

ಮೇಷ್ಟ್ರೇ, ತುಂಬಾ ಧನ್ಯವಾದ. ಸುತ್ತಿನ ಲೆಕ್ಕ ಮಗಳಿಗೆ ಬಹಳ ಹಿಡಿಸಿತು. 7, 31, 89 ಎಲ್ಲಕ್ಕೂ ಮಾಡಿ ನೋಡಿದಳು.

ಜರಡಿ ಹಿಡಿದು ಶುರುಮಾಡಿದೆವು. ಕ = 1 ಆದರೆ 135, ಅದು ಒಡೆಯುತ್ತೆ. 4 ಆದರೆ 537, ಅದು 3 × 179. 5 ಆದರೆ 671, ಅದು 11 × 61. 8ಕ್ಕೆ 1073 ಬಂತು. ಅವಿಭಾಜ್ಯ ಅಂದುಕೊಂಡೆವು, ಆದರೆ 29 × 37. 9ಕ್ಕೆ 1207, ಅದು 17 × 71. 12ಕ್ಕೆ 1609 ಸಿಕ್ಕಿತು. ಮೊದಲ ನಿಜವಾದ ಅಭ್ಯರ್ಥಿ ಇದೇ ಅಲ್ವಾ? ಆದರೆ 21 ಅಂಕಿಯ ಸಂಖ್ಯೆಯನ್ನು 1609ರಿಂದ ಕಾಗದದ ಮೇಲೆ ಭಾಗಿಸೋದು ಉದ್ದದ ಕೆಲಸ.

ಲೆಕ್ಕದ ಮೇಷ್ಟ್ರು

ಅಷ್ಟು ಉದ್ದ ಭಾಗಾಕಾರ ಬೇಡ. ಶೇಷವನ್ನೇ ವರ್ಗ ಮಾಡುತ್ತಾ ಹೋಗಿ. 2⁸ = 256. ಅದರ ವರ್ಗ 65536, 1609ರಿಂದ ಭಾಗಿಸಿದರೆ ಶೇಷ 1176. ಇದು 2¹⁶ರ ಶೇಷ. 1176ರ ವರ್ಗ ಮಾಡಿ ಭಾಗಿಸಿದರೆ 845, ಅದು 2³²ರದು. 845ರ ವರ್ಗದಿಂದ 1238, ಅದು 2⁶⁴ರದು. ಇನ್ನು ಮೂರು ಸಲ ದುಪ್ಪಟ್ಟು ಮಾಡಿದರೆ 2⁶⁷: 1238 × 8 = 9904, ಶೇಷ 250.

1 ಬರಬೇಕಿತ್ತು, 250 ಬಂತು. ಹಾಗಾಗಿ 1609 ಅಲ್ಲ. ಮೂರು ವರ್ಗ, ಒಂದು ಸಣ್ಣ ಗುಣಾಕಾರ, ಅಷ್ಟೇ. 21 ಅಂಕಿಯ ಸಂಖ್ಯೆಯನ್ನು ಬರೆಯುವ ಪ್ರಮೇಯವೇ ಬರಲಿಲ್ಲ ನೋಡಿ.

ಹಳೇ ಕಾಗದ

ಉತ್ತರ ಬೇಡ ಅಂದಿದ್ದೀರಿ, ಆದರೆ ಇದರ ಹಿಂದಿನ ಕಥೆ ಹೇಳದೆ ಇರಲಾರೆ. ಮುಂದೆ ಉತ್ತರ ಇದೆ, ಮಗಳಿಗೆ ಓದಿಸುವ ಮುಂಚೆ ನೋಡಿಕೊಳ್ಳಿ.

ಫ್ರಾನ್ಸಿನಲ್ಲಿ ಮರೆನ್ ಮರ್ಸೆನ್ ಅನ್ನುವ ಪಾದ್ರಿ ಇದ್ದರು. 1644ರಲ್ಲಿ ಒಂದು ಪಟ್ಟಿ ಕೊಟ್ಟರು. 257ರವರೆಗೆ ಯಾವ ಘಾತಗಳಿಗೆ ಇಂಥ ಸಂಖ್ಯೆ ಅವಿಭಾಜ್ಯ ಅಂತ. 2, 3, 5, 7, 13, 17, 19, 31, 67, 127, 257. ನಮ್ಮ 67 ಅದರಲ್ಲಿದೆ. ಎರಡು ಶತಮಾನಕ್ಕೂ ಜಾಸ್ತಿ ಕಾಲ ಇದನ್ನು ಸುಳ್ಳು ಅಂತ ತೋರಿಸಲು ಯಾರಿಗೂ ಆಗಲಿಲ್ಲ.

1876ರಲ್ಲಿ ಎಡ್ವರ್ಡ್ ಲುಕಾಸ್ ಹೊಸ ಪರೀಕ್ಷೆ ಕಂಡುಹಿಡಿದು, 67ರ ಸಂಖ್ಯೆ ಅವಿಭಾಜ್ಯ ಅಲ್ಲ ಅಂದರು. ಆದರೆ ಅಪವರ್ತನ ಯಾವುದು ಅಂತ ಅವರಿಗೂ ಗೊತ್ತಿರಲಿಲ್ಲ.

ಆಮೇಲೆ 1903ರ ಅಕ್ಟೋಬರ್ 31. ನ್ಯೂಯಾರ್ಕಿನಲ್ಲಿ ಅಮೆರಿಕನ್ ಮ್ಯಾಥಮೆಟಿಕಲ್ ಸೊಸೈಟಿಯ ಸಭೆ. ಕೊಲಂಬಿಯಾ ವಿಶ್ವವಿದ್ಯಾಲಯದ ಫ್ರ್ಯಾಂಕ್ ನೆಲ್ಸನ್ ಕೋಲ್ ತಮ್ಮ ಸರದಿ ಬಂದಾಗ ಎದ್ದು ಬೋರ್ಡಿಗೆ ಹೋದರು. ಅವರು ಒಂದೂ ಮಾತಾಡಲಿಲ್ಲ ಅನ್ನುತ್ತಾರೆ. 2ನ್ನು 67 ಸಲದ ಘಾತಕ್ಕೆ ಏರಿಸಿ, 1 ಕಳೆದು, ಬಂದದ್ದನ್ನು ಬರೆದರು. ಬೋರ್ಡಿನ ಇನ್ನೊಂದು ಕಡೆ ಇದನ್ನು ಬರೆದು ಕೈಯಲ್ಲೇ ಗುಣಿಸಿದರು:

193707721 × 761838257287

ಎರಡೂ ಕಡೆ ಒಂದೇ ಸಂಖ್ಯೆ. ಚಾಕ್ ಇಟ್ಟು ಹೋಗಿ ಕೂತರು. ಸಭೆ ಚಪ್ಪಾಳೆ ತಟ್ಟಿತು. ಎಷ್ಟು ದಿನ ಹಿಡಿಯಿತು ಅಂತ ಕೇಳಿದಾಗ "ಮೂರು ವರ್ಷದ ಭಾನುವಾರಗಳು" ಅಂದರಂತೆ. ಈ ಮಾತು ಮುಂದಿನ ತಲೆಮಾರಿನವರು ಬರೆದ ನೆನಪಿನಿಂದ ಬಂದದ್ದು. ಆದರೆ ಗುಣಾಕಾರ ಇವತ್ತಿಗೂ ಸರಿಯಾಗಿದೆ.

ಧಾರವಾಡದವ

ಕಥಿ ಭಾಳ ಛಲೋ ಅದ ರೀ. ಗುಣಾಕಾರವನ್ನು ಒಂಬತ್ತರ ಪರೀಕ್ಷೆಯಿಂದ ನೋಡಿದೆ. ಮೊದಲನೆಯದರ ಅಂಕಿಗಳ ಮೊತ್ತ 37, ಒಂಬತ್ತರ ಶೇಷ 1. ಎರಡನೆಯದು 64, ಅದೂ 1. ಗುಣಲಬ್ಧದ ಮೊತ್ತ 109, ಅದೂ 1. ಹನ್ನೊಂದರ ಪರೀಕ್ಷೆಯಲ್ಲಿ ಶೇಷ 9 ಮತ್ತು 8, ಗುಣಿಸಿದರೆ 72, ಅದರ ಶೇಷ 6. ದೊಡ್ಡ ಸಂಖ್ಯೆಯದೂ 6. ಮೇಷ್ಟ್ರ ಜರಡಿಯೂ ಸರಿ: 193707720 = 134 × 1445580.

ಆದರೆ ಮೂರು ವರ್ಷದ ಭಾನುವಾರದ ಮಾತು ನನಗೆ ಒಗ್ಗುತ್ತಿಲ್ಲ. ಲೆಕ್ಕ ಹಾಕಿದೆ, ತಪ್ಪಿದ್ದರೆ ತಿದ್ದಿ.

"ಕ" 1445580ರವರೆಗೆ ಹೋಗಬೇಕು. ನಾಲ್ಕರ ಜರಡಿಯಿಂದ ಅರ್ಧ ಹೋಗುತ್ತವೆ, ಸುಮಾರು 7.2 ಲಕ್ಷ ಉಳಿಯುತ್ತವೆ. 3, 5, 7, 11, 13ರಿಂದ ಭಾಗ ಹೋಗುವವನ್ನೂ ತೆಗೆದರೆ ಸುಮಾರು 2.77 ಲಕ್ಷ. ಒಂದೊಂದಕ್ಕೆ ಬರೀ ಎರಡು ನಿಮಿಷ ಅಂತ ಹಿಡಿಯೋಣ. ಒಂಬತ್ತು ಅಂಕಿಯ ಶೇಷಗಳನ್ನು ವರ್ಗ ಮಾಡಲು ಎರಡು ನಿಮಿಷ ಸಾಲದು, ಆದರೂ ಇರಲಿ. ಆಗಲೂ 9,200 ಗಂಟೆ ಬೇಕು. ಮೂರು ವರ್ಷಕ್ಕೆ 156 ಭಾನುವಾರ, ದಿನಕ್ಕೆ 8 ಗಂಟೆ ಅಂದರೆ 1,248 ಗಂಟೆ. ಏಳು ಪಟ್ಟು ವ್ಯತ್ಯಾಸ. ಮಾತು ನಿಜ ಇದ್ದರೆ ಕೋಲ್ ಒಂದೊಂದಾಗಿ ಭಾಗಿಸಿಲ್ಲ.

ಹಳೇ ಕಾಗದ

ಲೆಕ್ಕ ಸರಿಯಾಗಿದೆ. ಕೋಲ್ ಒಂದೊಂದಾಗಿ ಭಾಗಿಸಲಿಲ್ಲ. ಅವರ ಪ್ರಬಂಧದಲ್ಲಿ ವರ್ಗಶೇಷಗಳ ವಿಧಾನ ಇದೆ. ಮೇಷ್ಟ್ರು ಹೇಳಿದ 8ರ ಜರಡಿ ಇದೆಯಲ್ಲ, ಅಂಥ ಜರಡಿಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ. ಪ್ರತಿ ಜರಡಿಯಲ್ಲೂ ಉಳಿದವುಗಳಲ್ಲಿ ಅರ್ಧದಷ್ಟು ಹೊರಗೆ ಹೋಗುತ್ತವೆ. ಹತ್ತು ಜರಡಿ ಹಿಡಿದರೆ ಸಾವಿರದಲ್ಲಿ ಒಂದು ಉಳಿಯುತ್ತೆ. ಆ ಜರಡಿಗಳನ್ನು ಕಟ್ಟುವುದರಲ್ಲೇ ಭಾನುವಾರಗಳು ಹೋಗಿರಬೇಕು.

ಟೆಸ್ಟಿಂಗ್ ಹುಡುಗಿ

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತೇನೆ. ರಾತ್ರಿ ಈ ಚರ್ಚೆ ಓದಿ ನಿದ್ದೆ ಬರಲಿಲ್ಲ. ಪೊಲಾರ್ಡ್ 1974ರಲ್ಲಿ ಕೊಟ್ಟ ವಿಧಾನವನ್ನು ಪೈಥಾನಿನಲ್ಲಿ ಬರೆದೆ. ಅದು ಹೀಗಿದೆ. 1ರಿಂದ 3000ದವರೆಗಿನ ಎಲ್ಲಾ ಸಂಖ್ಯೆಗಳ ಲ.ಸಾ.ಅ. ತಗೊಳ್ಳಿ. 2ನ್ನು ಅಷ್ಟು ಘಾತಕ್ಕೆ ಏರಿಸಿ, ನಡುನಡುವೆ ನಮ್ಮ ದೊಡ್ಡ ಸಂಖ್ಯೆಯಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. ಕೊನೆಗೆ 1 ಕಳೆದು, ದೊಡ್ಡ ಸಂಖ್ಯೆಯ ಜೊತೆ ಮ.ಸಾ.ಅ. ನೋಡಿ. ಅದೃಷ್ಟ ಇದ್ದರೆ ಅಪವರ್ತನ ಬರುತ್ತೆ.

ನನಗೆ ಬಂದ ಮ.ಸಾ.ಅ. 147573952589676412927. ಅದೇ ಸಂಖ್ಯೆ, ಪೂರ್ತಿ! ಮಿತಿಯನ್ನು 1000ಕ್ಕೆ, 100ಕ್ಕೆ ಇಳಿಸಿದರೂ ಅದೇ. 60ಕ್ಕೆ ಇಳಿಸಿದರೆ 1 ಬರುತ್ತೆ. ನಡುವೆ ಏನೂ ಇಲ್ಲ. ಕೋಡ್ ನಾಲ್ಕು ಸಲ ನೋಡಿದೆ, ಸರಿಯಾಗಿದೆ. ಎಲ್ಲಿ ತಪ್ಪಿದೆ?

ಲೆಕ್ಕದ ಮೇಷ್ಟ್ರು

ಕೋಡ್ ಸರಿಯಾಗಿದೆ. ತಪ್ಪಿದ್ದು ಆ "2". ಬೇರೆ ಸಂಖ್ಯೆಗಳಿಗೆ 2 ನಡೆಯುತ್ತೆ, ಇಲ್ಲಿ ನಡೆಯೋದಿಲ್ಲ.

ಮೇಲಿನ ಸುತ್ತನ್ನು ನೆನಪು ಮಾಡಿಕೊಳ್ಳಿ. ಎರಡೂ ಅಪವರ್ತನಗಳಿಗೆ 2ರ ಸುತ್ತು ಸರಿಯಾಗಿ 67. ನಿಮ್ಮ ಲ.ಸಾ.ಅ.ದಲ್ಲಿ 67 ಸೇರಿದ ತಕ್ಷಣ ಎರಡೂ ಒಟ್ಟಿಗೆ ಬಲೆಗೆ ಬೀಳುತ್ತವೆ. ಅದಕ್ಕೆ ಪೂರ್ತಿ ಸಂಖ್ಯೆ ಬಂತು. 67 ಸೇರದಿದ್ದರೆ ಒಂದೂ ಬೀಳೋದಿಲ್ಲ. ಅದಕ್ಕೆ 60ಕ್ಕೆ 1 ಬಂತು.

2 ತೆಗೆದು 3 ಹಾಕಿ. ಮಿತಿ 3000 ಇರಲಿ.

ಟೆಸ್ಟಿಂಗ್ ಹುಡುಗಿ

ಬಂತು! 193707721. ಎಂಟರ್ ಒತ್ತಿದ ಕ್ಷಣಕ್ಕೇ ಬಂತು. ಒಬ್ಬಳೇ ಕೂತು ಚಪ್ಪಾಳೆ ತಟ್ಟಿದೆ.

ಮೇಷ್ಟ್ರೇ, ಬರೀ 3000 ಯಾಕೆ ಸಾಕಾಯಿತು? ಅಪವರ್ತನ 19 ಕೋಟಿ ದಾಟಿದೆಯಲ್ಲ.

ಲೆಕ್ಕದ ಮೇಷ್ಟ್ರು

ಅದರಿಂದ 1 ಕಳೆದು ಒಡೆದು ನೋಡಿ:

193707720 = 2³ × 3³ × 5 × 67 × 2677

ಎಲ್ಲಾ ಚಿಕ್ಕ ಚಿಕ್ಕವು. ಅತಿ ದೊಡ್ಡದು 2677. ಎಲ್ಲವೂ 3000ದ ಒಳಗೆ ಇರುವುದರಿಂದ ಈ ಸಂಖ್ಯೆ ನಿಮ್ಮ ಲ.ಸಾ.ಅ.ವನ್ನು ಭಾಗಿಸುತ್ತೆ. ಫರ್ಮಾ ನಿಯಮದ ಪ್ರಕಾರ ಶೇಷ 1 ಆಗಲೇಬೇಕು. ಇನ್ನೊಂದು ಅಪವರ್ತನಕ್ಕೂ ಹಾಗೇ ಮಾಡಿದರೆ:

761838257286 = 2 × 3² × 29 × 67 × 2551 × 8539

ಇದರಲ್ಲಿ 8539 ಇದೆ. 3000ದ ಬಲೆಗೆ ಅದು ಸಿಗೋದಿಲ್ಲ. ಒಂದು ಬಿತ್ತು, ಒಂದು ತಪ್ಪಿಸಿಕೊಂಡಿತು. ನಮಗೆ ಬೇಕಾದದ್ದೂ ಅದೇ. ನಿಮ್ಮ ಕಂಪ್ಯೂಟರ್ ಮಾಡಿದ್ದು ಸುಮಾರು 4,300 ಸಲ ವರ್ಗ ಮಾಡುವ ಕೆಲಸ. ಧಾರವಾಡದವರ 2.77 ಲಕ್ಷದ ಪಕ್ಕ ಇಟ್ಟು ನೋಡಿ. ಕೋಲ್ ತೀರಿಕೊಂಡದ್ದು 1926ರಲ್ಲಿ. ಈ ದಾರಿ ಅವರ ಕಾಲಕ್ಕೆ ಇರಲಿಲ್ಲ. ಇದ್ದಿದ್ದರೆ ಆ ಮನುಷ್ಯನಿಗೆ ಎಷ್ಟು ಖುಷಿಯಾಗುತ್ತಿತ್ತು ಅಂತ ನನಗೆ ಆಗಾಗ ಅನ್ನಿಸುತ್ತೆ.

ಮೈಸೂರು ಅಕ್ಕ

ಎಲ್ಲಾ ಓದಿದೆ. ನನಗೆ ಒಂದೇ ಕಡೆ ಸಿಕ್ಕಿಕೊಂಡಿದೆ. ಲುಕಾಸ್ 1876ರಲ್ಲೇ "ಇದು ಒಡೆಯುತ್ತೆ" ಅಂದರು, ಆದರೆ ಅಪವರ್ತನ ಗೊತ್ತಿರಲಿಲ್ಲ ಅಂದಿರಿ. ಯಾವುದರಿಂದ ಒಡೆಯುತ್ತೆ ಅಂತ ಗೊತ್ತಿಲ್ಲದೆ ಒಡೆಯುತ್ತೆ ಅಂತ ಹೇಗೆ ಹೇಳೋದು?

ಲೆಕ್ಕದ ಮೇಷ್ಟ್ರು

ಅಕ್ಕಾ, ಇದು ಈ ಇಡೀ ಚರ್ಚೆಯ ತಿರುಳು. ಲುಕಾಸ್ ಪರೀಕ್ಷೆಯನ್ನು ಆಮೇಲೆ ಲೆಹ್ಮರ್ ಸರಳ ಮಾಡಿದರು. ಆ ರೂಪದಲ್ಲಿ ಹೇಳುತ್ತೇನೆ. 4ರಿಂದ ಶುರುಮಾಡಿ. ವರ್ಗ ಮಾಡಿ, 2 ಕಳೆಯಿರಿ, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಘಾತಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿ. ಕೊನೆಗೆ 0 ಬಂದರೆ ಅವಿಭಾಜ್ಯ. ಬರದಿದ್ದರೆ ಅಲ್ಲ.

31 ಅಂದರೆ 2⁵ − 1, ಮೂರು ಹೆಜ್ಜೆ: 4, 14, 8, 0. ಅವಿಭಾಜ್ಯ.

2047 ಅಂದರೆ 2¹¹ − 1, ಒಂಬತ್ತು ಹೆಜ್ಜೆ: 4, 14, 194, 788, 701, 119, 1877, 240, 282, 1736. ಸೊನ್ನೆ ಬರಲಿಲ್ಲ. ಆದ್ದರಿಂದ 2047 ಒಡೆಯುತ್ತೆ. ಈ ಸಾಲಿನಲ್ಲಿ 23 ಎಲ್ಲಾದರೂ ಕಂಡಿತಾ? 89 ಕಂಡಿತಾ? ಇಲ್ಲ. ಅವಿಭಾಜ್ಯ ಆಗಿದ್ದರೆ ನಡೆಯಲೇಬೇಕಾದ ಒಂದು ಸಂಗತಿ ನಡೆಯಲಿಲ್ಲ, ಅಷ್ಟು ಮಾತ್ರ ಗೊತ್ತಾಯಿತು.

ಇವತ್ತಿಗೂ ಹೀಗೇ. 2¹²⁷⁷ − 1ಕ್ಕೆ 385 ಅಂಕಿ. ಅದು ಒಡೆಯುತ್ತೆ ಅಂತ ಖಚಿತ. ಆದರೆ 2024ರ ತನಕ ಅದರ ಒಂದು ಅಪವರ್ತನವೂ ಯಾರಿಗೂ ಸಿಕ್ಕಿರಲಿಲ್ಲ. ಅದೇ 2024ರ ಅಕ್ಟೋಬರಿನಲ್ಲಿ 2¹³⁶²⁷⁹⁸⁴¹ − 1 ಅವಿಭಾಜ್ಯ ಅಂತ, ಇಂಥ ಅವಿಭಾಜ್ಯಗಳನ್ನು ಹುಡುಕುವ ಗಿಂಪ್ಸ್ ಯೋಜನೆ ಘೋಷಿಸಿತು. ಅದಕ್ಕೆ 4 ಕೋಟಿ 10 ಲಕ್ಷ ಅಂಕಿ ದಾಟುತ್ತೆ. 4 ಕೋಟಿ ಅಂಕಿಯದರ ಬಗ್ಗೆ ಖಚಿತವಾಗಿ ಹೇಳಬಲ್ಲೆವು, 385 ಅಂಕಿಯದನ್ನು ಒಡೆಯಲಾರೆವು.

ಟೆಸ್ಟಿಂಗ್ ಹುಡುಗಿ

ನಮ್ಮ ಕೆಲಸಕ್ಕೂ ಇದಕ್ಕೂ ನೇರ ಸಂಬಂಧ ಇದೆ ಅಕ್ಕಾ. ಬ್ಯಾಂಕ್ ವೆಬ್‌ಸೈಟುಗಳ ಗುಟ್ಟು ಕಾಯಲು ಬಳಸುವ ಆರ್‌ಎಸ್‌ಎ ಅನ್ನುವ ಗೂಢಲಿಪಿ ವಿಧಾನ ನಿಂತಿರೋದೇ ಈ ವ್ಯತ್ಯಾಸದ ಮೇಲೆ. ಗುಣಿಸೋದು ಸುಲಭ, ಒಡೆಯೋದು ಕಷ್ಟ. 1977ರಲ್ಲಿ 129 ಅಂಕಿಯ ಒಂದು ಸಂಖ್ಯೆಯನ್ನು ಸವಾಲಾಗಿ ಕೊಟ್ಟಿದ್ದರು. ನೂರಾರು ಸ್ವಯಂಸೇವಕರ ಕಂಪ್ಯೂಟರ್ ಸೇರಿ ಅದು ಒಡೆದದ್ದು 1994ರಲ್ಲಿ.

ಧಾರವಾಡದವ

ಒಂದು ವಿಷಯ ಬಿಟ್ಟುಹೋಗಿದೆ. ಎಲ್ಲರೂ ಮರ್ಸೆನ್ ತಪ್ಪು ಹೇಳಿದರು ಅನ್ನುತ್ತಾರೆ. 67, 257 ತಪ್ಪಾಗಿ ಸೇರಿಸಿದರು, 61, 89, 107 ಬಿಟ್ಟರು, ನಿಜ. ಆದರೆ 31ರ ಸಂಖ್ಯೆಯನ್ನೂ 127ರ ಸಂಖ್ಯೆಯನ್ನೂ ಅವರು ಸರಿಯಾಗಿ ಹೇಳಿದ್ದರು. ಆ ಪಟ್ಟಿ ಇಲ್ಲದಿದ್ದರೆ ಲುಕಾಸ್ 127ರ ಹಿಂದೆ ಬೀಳುತ್ತಿದ್ದರಾ, ಕೋಲ್ 67ಕ್ಕೆ ಭಾನುವಾರ ಕೊಡುತ್ತಿದ್ದರಾ? ಅವರ ಬಗ್ಗೆ ಹಗುರವಾಗಿ ಮಾತಾಡೋದು ನನಗೆ ಸರಿ ಕಾಣೋದಿಲ್ಲ.

ಇನ್ನೊಂದು ನಮ್ಮ ನೆಲದ್ದು. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ಗಣಿತಸಾರ ಸಂಗ್ರಹ ಬರೆದರು. ಅದರಲ್ಲಿ 24 ಸ್ಥಾನಗಳಿಗೆ ಹೆಸರಿದೆ, ಕೊನೆಯದು ಮಹಾಕ್ಷೋಭ. ಕೋಲ್ ಬೋರ್ಡಿನ ಮೇಲೆ ಬರೆದ 21 ಅಂಕಿಯ ಸಂಖ್ಯೆ ಆ ಹೆಸರುಗಳಲ್ಲಿ ಆರಾಮಾಗಿ ಹಿಡಿಸುತ್ತೆ. ಮಹಾವೀರಾಚಾರ್ಯರಿಗೆ ಹೂವಿನ ಹಾರದಂತೆ ಎರಡು ಕಡೆಯಿಂದಲೂ ಒಂದೇ ರೀತಿ ಕಾಣುವ ಗುಣಲಬ್ಧಗಳೂ ಇಷ್ಟ: 152207 × 73 = 11111111. ಇದನ್ನು ಪೂರ್ತಿ ಒಡೆದರೆ 11 × 73 × 101 × 137. 142857143 × 7 = 1000000001 ಅನ್ನುವುದೂ ಅವರ ಲೆಕ್ಕವೇ. ಮಗಳಿಗೆ ಇವನ್ನೂ ಕೊಡಿ, ಬೇಗ ಒಡೆಯುತ್ತವೆ, ಹುರುಪು ಬರುತ್ತೆ.

ಶಿವಮೊಗ್ಗದ ಅಪ್ಪ

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಕೋಲ್ ಕಥೆಯನ್ನು ರಾತ್ರಿ ಊಟ ಆದ ಮೇಲೆ ಹೇಳಿದೆ. ಅವಳು ಗೋಡೆಯ ಕಪ್ಪು ಹಲಗೆಯ ಮೇಲೆ ಆ ಗುಣಾಕಾರವನ್ನು ಪೂರ್ತಿ ಮಾಡಿದಳು. ಮುಕ್ಕಾಲು ಗಂಟೆ ಹಿಡಿಯಿತು. ಎರಡು ಕಡೆ ಕೈತಪ್ಪಿತ್ತು, ಒಂಬತ್ತರ ಪರೀಕ್ಷೆಯಿಂದ ತಾನೇ ಕಂಡುಕೊಂಡಳು. ಸರಿಯಾಗಿ 147573952589676412927 ಬಂದಾಗ ಅವಳೂ ಮಾತಾಡದೆ ಹೋಗಿ ಕೂತಳು. ನಾನು, ಅವಳಮ್ಮ, ಅಜ್ಜಿ ಮೂರೂ ಜನ ಚಪ್ಪಾಳೆ ತಟ್ಟಿದೆವು.

ಈಗ ಅವಳ ಹಟ: "67 ಬೇರೆಯವರು ಒಡೆದದ್ದು. ನನಗೆ ಹೊಸದು ಬೇಕು."

ಲೆಕ್ಕದ ಮೇಷ್ಟ್ರು

71 ಕೊಡಿ. 2⁷¹ − 1 = 2361183241434822606847. ಈಗಾಗಲೇ ಒಡೆದಾಗಿದೆ, ಆದರೆ ಅವಳಿಗೆ ಹೇಳಬೇಡಿ. ರೂಪ 142 × ಕ + 1, ನಾಲ್ಕರ ಜರಡಿ ಮೊದಲಿನಂತೆಯೇ, ಶೇಷ 0 ಅಥವಾ 1. ಒಂದು ಅಪವರ್ತನ ಮೂರು ಲಕ್ಷದ ಒಳಗೇ ಇದೆ. ಕೈಯಲ್ಲೇ ಸಿಗುವಂಥದ್ದು, ತಾಳ್ಮೆ ಬೇಕು ಅಷ್ಟೇ. ಇಲ್ಲಿರುವ ಯಾರೂ ಉತ್ತರ ಹಾಕಬೇಡಿ, ದಯವಿಟ್ಟು.

ಶಿವಮೊಗ್ಗದ ಅಪ್ಪ

ಹೊಸ ನೋಟ್‌ಬುಕ್ ತಂದುಕೊಟ್ಟೆ. ಮೊದಲ ಪುಟದಲ್ಲಿ "ಭಾನುವಾರ 1" ಅಂತ ಬರೆದುಕೊಂಡಿದ್ದಾಳೆ. ಇವತ್ತಿಗೆ ಕ = 240ರವರೆಗೆ ಮುಗಿದಿದೆ. ಇನ್ನೂ ಸಿಕ್ಕಿಲ್ಲ. ಮುಂದಿನ ವಾರ ಬಂದು ಹೇಳುತ್ತೇನೆ.